ವಾಲಿಸಿ, ಬೀಸಿ, ಗುರಿಯಿಟ್ಟು: ಮೋಷನ್ ಕಂಟ್ರೋಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೋಷನ್, ಟಿಲ್ಟ್, ಪಾಯಿಂಟರ್, ಜೈರೋ... ಎಲ್ಲ ಒಂದೇ ಅಲ್ವಾ?

ಅಲ್ಲ. ಎಲ್ಲಕ್ಕೂ ಒಟ್ಟಾಗಿ "ಮೋಷನ್ ಕಂಟ್ರೋಲ್" ಅಂತ ಹೆಸರಿಟ್ಟಿರುವುದರಿಂದಲೇ ಇಷ್ಟು ಗೊಂದಲ. ವಿಡಿಯೋ ಗೇಮ್ ಆಡುವ ಕಂಟ್ರೋಲರನ್ನು ಸ್ಟಿಯರಿಂಗ್ ಹಾಗೆ ಹಿಡಿದು ಎಡಕ್ಕೋ ಬಲಕ್ಕೋ ವಾಲಿಸಿದರೆ ಅದು ಟಿಲ್ಟ್. ಬ್ಯಾಟ್ ಹಾಗೆ ಬೀಸಿದರೆ, ಗಿಲಕಿ ಹಾಗೆ ಅಲುಗಾಡಿಸಿದರೆ ಅದು ಮೋಷನ್. ಟಿವಿಯಲ್ಲಿ ಕಾಣುವ ಒಂದು ಜಾಗವನ್ನು ಬೆರಳಿಟ್ಟು ತೋರಿಸಿದ ಹಾಗೆ ಕಂಟ್ರೋಲರಿನಿಂದ ತೋರಿಸಿದರೆ ಅದು ಪಾಯಿಂಟರ್. ಜೈರೋ ಅನ್ನುವುದು ಈ ಕೆಲಸಗಳಿಗೆ ಒಳಗಿನಿಂದ ನೆರವಾಗುವ ಸೆನ್ಸರ್‌ಗಳಲ್ಲಿ ಒಂದು.

ಯಾವ ಸೆನ್ಸರ್ ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಅಂತ ಗೊತ್ತಾದರೆ "ಇದು ಸರಿಯಾಗಿ ಕೆಲಸ ಮಾಡಲ್ಲ" ಅನ್ನುವ ದೂರುಗಳಿಗೆ ಅರ್ಧ ಉತ್ತರ ಸಿಕ್ಕ ಹಾಗೆ. ಅದಕ್ಕೇ ಮೊದಲ ಕೆಲವು ಉತ್ತರಗಳು ಸ್ವಲ್ಪ ಉದ್ದ ಇವೆ. ದಯವಿಟ್ಟು ಓದಿ.

ಆಕ್ಸಿಲರೋಮೀಟರ್ ಅಂದರೆ ಏನು?

ಸಿಟಿ ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳಲು ಮೇಲಿಂದ ನೇತುಬಿಟ್ಟಿರುವ ಹಿಡಿಕೆಗಳನ್ನು ನೋಡಿದ್ದೀರಲ್ಲ? ಬಸ್ ನಿಂತಿದ್ದಾಗ ನೆಟ್ಟಗೆ ತೂಗುತ್ತವೆ. ಡ್ರೈವರ್ ಬ್ರೇಕ್ ಹಾಕಿದರೆ ಮುಂದಕ್ಕೆ ಹೋಗುತ್ತವೆ. ಬಸ್ ಏರು ರಸ್ತೆಯಲ್ಲಿ ನಿಂತರೆ ಹಿಂದಕ್ಕೆ ವಾಲಿಕೊಂಡಿರುತ್ತವೆ. ಹಿಡಿಕೆಯೊಂದನ್ನೇ ನೋಡಿ ಬಸ್ ಹೇಗಿದೆ ಅಂತ ಹೇಳುವುದೇ ಆಕ್ಸಿಲರೋಮೀಟರಿನ ಕೆಲಸ. ಚಿಪ್ಪಿನ ಒಳಗೆ ಸಿಲಿಕಾನಿನಿಂದ ಮಾಡಿದ ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಅದು ಎಷ್ಟು ಸರಿಯಿತು ಅನ್ನುವುದನ್ನು ವಿದ್ಯುತ್ತಿನ ಮೂಲಕ ಅಳೆಯುತ್ತಾರೆ.

ಕಂಟ್ರೋಲರ್ ಅಲುಗಾಡದೆ ಇದ್ದಾಗ ಈ ಸೆನ್ಸರಿಗೆ ಭೂಮಿ ಎಳೆಯುವುದು ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಯಾವ ಕಡೆ ಕೆಳಗೆ ಅಂತ ಬಹಳ ಚೆನ್ನಾಗಿ ಹೇಳುತ್ತದೆ. ಟಿಲ್ಟ್ ಆಟಗಳಿಗೆ ಅಷ್ಟು ಸಾಕು.

ಇದಕ್ಕೆ ಎರಡು ಕೊರತೆ. ಮೊದಲನೆಯದು, ಬರೀ ಹಿಡಿಕೆ ನೋಡಿ ಬಸ್ ಇಳಿಜಾರಿನಲ್ಲಿ ನಿಂತಿದೆಯೋ, ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಾಕಿತೋ ಹೇಳಲು ಬರುವುದಿಲ್ಲ. ಜೋರಾಗಿ ಬೀಸುವಾಗ ಟಿಲ್ಟ್ ಲೆಕ್ಕ ತಪ್ಪುವುದು ಇದಕ್ಕೇ. ಎರಡನೆಯದು, ಬಸ್ ನಿಧಾನವಾಗಿ ಯು ಟರ್ನ್ ಹೊಡೆದು ನಿಂತರೆ ಹಿಡಿಕೆ ಮೊದಲಿದ್ದ ಹಾಗೇ ನೆಟ್ಟಗೆ ತೂಗುತ್ತದೆ. ಮುಖ ಯಾವ ದಿಕ್ಕಿಗೆ ತಿರುಗಿತು ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಜೈರೋ?

ಚಿಕ್ಕಂದಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಗಿರಗಿರ ತಿರುಗಿಸಿ ಬಿಡುತ್ತಿದ್ದರು. ತಿರುಗುತ್ತಿರುವುದು ಗೊತ್ತಾಗುತ್ತದೆ. ಯಾವ ಕಡೆಗೆ, ಎಷ್ಟು ಜೋರಾಗಿ ಅನ್ನುವುದೂ ಗೊತ್ತಾಗುತ್ತದೆ. ಆದರೆ ಸ್ವಲ್ಪ ಹೊತ್ತಿನ ಮೇಲೆ "ಬಾಗಿಲು ಎಲ್ಲಿದೆ ಹೇಳು" ಅಂದರೆ ಬೆರಳು ಗೋಡೆಯ ಕಡೆ ಹೋಗಿರುತ್ತದೆ. ಜೈರೋ ಸೆನ್ಸರೂ ಹಾಗೇ. ತಿರುಗುವ ವೇಗವನ್ನು ಅಳೆಯುವುದರಲ್ಲಿ ಅದು ಪಕ್ಕಾ. ಆ ವೇಗವನ್ನು ಕೂಡಿಸುತ್ತಾ ಹೋಗಿ ಈಗ ಯಾವ ದಿಕ್ಕಿಗೆ ಮುಖ ಮಾಡಿದ್ದೇವೆ ಅಂತ ಲೆಕ್ಕ ಹಾಕಬೇಕು. ಕೂಡಿಸುವಾಗ ಸಣ್ಣ ಸಣ್ಣ ತಪ್ಪುಗಳೂ ಕೂಡಿಕೊಳ್ಳುತ್ತವೆ. ಇದನ್ನೇ ಡ್ರಿಫ್ಟ್ ಅನ್ನುವುದು.

ಒಂದಕ್ಕೆ ಕೆಳಗೆ ಯಾವುದು ಅಂತ ಯಾವಾಗಲೂ ಗೊತ್ತು, ಆದರೆ ಬೀಸಿದಾಗ ಗಲಿಬಿಲಿ. ಇನ್ನೊಂದು ಬೀಸುವಾಗ ನಿಖರ, ಆದರೆ ಹೊತ್ತು ಹೋದಂತೆ ಜಾರುತ್ತದೆ. ಈಗಿನ ಕಂಟ್ರೋಲರ್‌ಗಳಲ್ಲಿ ಎರಡನ್ನೂ ಜೊತೆಗಿಟ್ಟು, ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದುತ್ತಾರೆ. ಆದರೂ ಎಡ ಬಲ ತಿರುಗಿದ್ದನ್ನು ತಿದ್ದಲು ಆಕ್ಸಿಲರೋಮೀಟರ್ ಸಹಾಯಕ್ಕೆ ಬರುವುದಿಲ್ಲ. ಬಸ್ಸಿನ ಯು ಟರ್ನ್ ನೆನಪಿದೆಯಲ್ಲ? ಅದಕ್ಕಾಗಿ ಹೊರಗಿನ ಗುರುತು ಏನಾದರೂ ಬೇಕು.

ವೀ ರಿಮೋಟ್ ಟಿವಿಯನ್ನು ಹೇಗೆ ಕಾಣುತ್ತದೆ?

ಟಿವಿಯನ್ನು ಅದು ಕಾಣುವುದೇ ಇಲ್ಲ. ನಿಂಟೆಂಡೊ ಕಂಪನಿ 2006ರ ನವೆಂಬರಿನಲ್ಲಿ ವೀ ಅನ್ನುವ ಟಿವಿ ಗೇಮ್ ಯಂತ್ರ ಬಿಡುಗಡೆ ಮಾಡಿದಾಗ ಜೊತೆಗೆ ಟಿವಿ ಮೇಲೆ ಇಡುವ ಒಂದು ಉದ್ದನೆಯ ಪಟ್ಟಿ ಕೊಟ್ಟಿತ್ತು. ಅದಕ್ಕೆ ಇಟ್ಟ ಹೆಸರು ಸೆನ್ಸರ್ ಬಾರ್. ಆದರೆ ಅದರೊಳಗೆ ಯಾವ ಸೆನ್ಸರೂ ಇಲ್ಲ! ಎರಡು ತುದಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಎಲ್‌ಇಡಿಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ರಿಮೋಟ್ ಆ ಎರಡು ಬೆಳಕಿನ ಚುಕ್ಕೆಗಳನ್ನು ನೋಡಿ, ತಾನು ಎಲ್ಲಿಗೆ ತೋರಿಸುತ್ತಿದ್ದೇನೆ ಅಂತ ತಿಳಿದುಕೊಳ್ಳುತ್ತದೆ.

ಎರಡೇ ಚುಕ್ಕೆಯಿಂದ ಎಷ್ಟೊಂದು ಗೊತ್ತಾಗುತ್ತದೆ ನೋಡಿ. ಚುಕ್ಕೆಗಳು ಚಿತ್ರದಲ್ಲಿ ಎಡಕ್ಕೆ ಸರಿದರೆ ರಿಮೋಟ್ ಬಲಕ್ಕೆ ತಿರುಗಿದೆ. ಎರಡು ಚುಕ್ಕೆಗಳ ನಡುವಿನ ಅಂತರ ಕಡಿಮೆಯಾದರೆ ಆಡುವವರು ಹಿಂದೆ ಹೋಗಿದ್ದಾರೆ. ಚುಕ್ಕೆಗಳ ಸಾಲು ಓರೆಯಾದರೆ ಮಣಿಕಟ್ಟು ಹೊರಳಿದೆ. ಇಷ್ಟು ಸರಳ ಉಪಾಯದಿಂದ ಇಷ್ಟು ಕೆಲಸ ತೆಗೆದದ್ದು ನನಗೆ ಇವತ್ತಿಗೂ ಬಹಳ ಇಷ್ಟ. ಹೊರಗಿನ ಗುರುತು ಇರುವುದರಿಂದ ಇದು ಜಾರುವುದೂ ಇಲ್ಲ. ನನ್ನ ಮಟ್ಟಿಗೆ ಮನೆಯ ಟಿವಿಗೆ ಬಂದ ಅತ್ಯುತ್ತಮ ಪಾಯಿಂಟರ್ ಇದೇ.

ಸೆನ್ಸರ್ ಬಾರ್ ಬದಲು ಎರಡು ಮೇಣದ ಬತ್ತಿ ಇಟ್ಟರೂ ನಡೆಯುತ್ತದಂತೆ, ನಿಜವಾ?

ನಿಜ. ಬೆಂಕಿಯ ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇರುತ್ತದೆ. ಸುಮಾರು ಒಂದು ಗೇಣು ಅಂತರದಲ್ಲಿ ಎರಡು ದೀಪ ಇಟ್ಟರೆ ರಿಮೋಟ್ ಅದನ್ನೇ ಬಾರ್ ಅಂದುಕೊಳ್ಳುತ್ತದೆ. ಆದರೆ ಟಿವಿ ಹತ್ತಿರ ಬೆಂಕಿ ಇಟ್ಟುಕೊಂಡು ಆಡುವುದು ಬೇಡ. ಬ್ಯಾಟರಿ ಹಾಕುವ ಬಾರ್‌ಗಳು ಸಿಗುತ್ತವೆ.

ಪಾಯಿಂಟರ್ ಸುಮ್ಮನೆ ಅಲ್ಲಿ ಇಲ್ಲಿ ಜಿಗಿಯುತ್ತದೆ. ರಿಮೋಟ್ ಕೆಟ್ಟಿದೆಯಾ?

ಮೊದಲು ಕೋಣೆಯನ್ನು ನೋಡಿ. ನಮ್ಮ ಮನೆಯಲ್ಲಿ ಒಂದು ದೀಪಾವಳಿಗೆ ಹೀಗೇ ಆಗಿತ್ತು. ಟಿವಿ ಪಕ್ಕದ ಕಿಟಕಿಯಲ್ಲಿ ಹಣತೆಗಳ ಸಾಲು ಇತ್ತು. ಪಾಯಿಂಟರ್ ಹುಚ್ಚು ಹಿಡಿದ ಹಾಗೆ ಓಡಾಡುತ್ತಿತ್ತು. ರಿಮೋಟ್ ಹೋಯಿತು ಅಂದುಕೊಂಡು ಬ್ಯಾಟರಿ ಬದಲಿಸಿದೆ, ಬಿಚ್ಚಿ ನೋಡಲೂ ಹೊರಟಿದ್ದೆ. ಅಷ್ಟರಲ್ಲಿ ತಂಗಿ ಕಿಟಕಿಯ ಪರದೆ ಎಳೆದಳು, ಪಾಯಿಂಟರ್ ತಟ್ಟನೆ ನಿಂತಿತು. ಹಣತೆ ಮಾತ್ರವಲ್ಲ, ಟಿವಿ ಹಿಂದಿನ ಕಿಟಕಿಯಿಂದ ಬರುವ ಸಂಜೆ ಬಿಸಿಲು, ಹಳೆಯ ಕಾಲದ ಫಿಲಮೆಂಟ್ ಬಲ್ಬು, ಶೋಕೇಸ್ ಗಾಜಿನಲ್ಲಿ ಬಾರಿನ ಪ್ರತಿಫಲನ, ಎಲ್ಲವೂ ರಿಮೋಟಿಗೆ ಹೆಚ್ಚುವರಿ ಚುಕ್ಕೆಗಳೇ.

ಬಾರ್ ಉರಿಯುತ್ತಿದೆಯೋ ಇಲ್ಲವೋ ನೋಡಲು ಫೋನಿನ ಮುಂದಿನ ಕ್ಯಾಮೆರಾ, ಅಂದರೆ ಸೆಲ್ಫಿ ಕ್ಯಾಮೆರಾ, ಅದರ ಕಡೆ ಹಿಡಿಯಿರಿ. ಬಹಳ ಫೋನುಗಳಲ್ಲಿ ಎರಡು ತುದಿಯಲ್ಲೂ ನೇರಳೆ ಹೊಳಪು ಕಾಣುತ್ತದೆ. ಒಂದೇ ತುದಿ ಹೊಳೆದರೆ ಬಾರ್ ಅರ್ಧ ಸತ್ತಿದೆ. ಬಾರನ್ನು ಟಿವಿಯ ಮೇಲೆ ಇಟ್ಟಿದ್ದೀರೋ ಕೆಳಗೋ ಅಂತ ವೀ ಸೆಟ್ಟಿಂಗಿನಲ್ಲಿ ಸರಿಯಾಗಿ ಹೇಳಿದ್ದೀರಾ ಅಂತಲೂ ನೋಡಿ. ಅದು ತಪ್ಪಿದ್ದರೆ ಪಾಯಿಂಟರ್ ನಿಮ್ಮ ಕೈಗಿಂತ ಮೇಲೆ ಅಥವಾ ಕೆಳಗೆ ಬೀಳುತ್ತದೆ.

ಪೂರ್ತಿ ಬೀಸದೆ ಬರೀ ಮಣಿಕಟ್ಟು ಕುಣಿಸಿದರೂ ಟೆನಿಸ್ ಹೊಡೆತ ಬೀಳುತ್ತಲ್ಲ, ಯಾಕೆ?

ಮೊದಲ ವೀ ರಿಮೋಟಿನಲ್ಲಿ ಜೈರೋ ಇರಲಿಲ್ಲ. ಇದ್ದದ್ದು ಮೂರೂ ದಿಕ್ಕಿನ ಆಕ್ಸಿಲರೋಮೀಟರ್ ಮತ್ತು ಆ ಇನ್‌ಫ್ರಾರೆಡ್ ಕ್ಯಾಮೆರಾ. ಬೀಸುವಾಗ ಕ್ಯಾಮೆರಾಕ್ಕೆ ಬಾರ್ ಕಾಣುವುದಿಲ್ಲ. ಉಳಿಯುವುದು ಆಕ್ಸಿಲರೋಮೀಟರ್ ಒಂದೇ. ಅದಕ್ಕೆ ತೋಳಿನ ದೊಡ್ಡ ಬೀಸೂ ಒಂದು ಜರ್ಕ್, ಮಣಿಕಟ್ಟಿನ ಸಣ್ಣ ಕುಣಿತವೂ ಒಂದು ಜರ್ಕ್. ಇದನ್ನು ಸರಿಮಾಡಲು 2009ರಲ್ಲಿ ಮೋಷನ್ ಪ್ಲಸ್ ಅನ್ನುವ ಜೈರೋ ತುಂಡನ್ನು ರಿಮೋಟಿನ ಬಾಲಕ್ಕೆ ಸಿಕ್ಕಿಸಲು ಕೊಟ್ಟರು. 2010ರಲ್ಲಿ ಅದನ್ನು ರಿಮೋಟಿನ ಒಳಗೇ ಸೇರಿಸಿದರು. ಹಳೆ ವೀ ಕೊಳ್ಳುವವರು ರಿಮೋಟಿನ ಮೇಲೆ "ಮೋಷನ್ ಪ್ಲಸ್ ಇನ್‌ಸೈಡ್" ಅಂತ ಬರೆದಿದೆಯಾ ನೋಡಿ. 2011ರ ಝೆಲ್ಡಾ ಸ್ಕೈವರ್ಡ್ ಸ್ವೋರ್ಡ್ ಆಟ ಅದಿಲ್ಲದೆ ನಡೆಯುವುದೇ ಇಲ್ಲ.

ಇದೆಲ್ಲ ವೀಯಿಂದಲೇ ಶುರುವಾಯಿತಾ?

ಇಲ್ಲ. 1989ರಲ್ಲೇ ಮ್ಯಾಟೆಲ್ ಕಂಪನಿ ಪವರ್ ಗ್ಲವ್ ಅನ್ನುವ ಕೈಗವಸು ತಂದಿತ್ತು. ಅದು ನಮ್ಮ ಕಿವಿಗೆ ಕೇಳದ ಶಬ್ದದಿಂದ ಕೈಯ ಜಾಗ ಹುಡುಕುತ್ತಿತ್ತು. ನೋಡಲು ಭಾರಿ ಚೆಂದ, ಆಡಲು ಬಹಳ ಕಷ್ಟ. 2000ದಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಕಲರ್‌ಗೆ ಬಂದ, ಕರ್ಬಿ ಅನ್ನುವ ಪಾತ್ರದ ಆಟವೊಂದರ ಕ್ಯಾಸೆಟ್ಟಿನ ಒಳಗೇ ಆಕ್ಸಿಲರೋಮೀಟರ್ ಇತ್ತು. ಇಡೀ ಗೇಮ್ ಬಾಯನ್ನೇ ವಾಲಿಸಿ ಕರ್ಬಿಯನ್ನು ಉರುಳಿಸಬೇಕು. 2004ರ ವಾರಿಯೋವೇರ್ ಟ್ವಿಸ್ಟೆಡ್ ಕ್ಯಾಸೆಟ್ಟಿನಲ್ಲಿ ಜೈರೋ ಇತ್ತು. ವೀ ಮಾಡಿದ ದೊಡ್ಡ ಕೆಲಸ ಅಂದರೆ ಇದನ್ನು ಎಲ್ಲರ ಹಜಾರಕ್ಕೆ ತಂದದ್ದು. ಒಟ್ಟು 10 ಕೋಟಿಗೂ ಜಾಸ್ತಿ ವೀಗಳು ಮಾರಾಟವಾದವು.

ಸೋನಿ 2010ರಲ್ಲಿ ಮೂವ್ ಅನ್ನುವ ಕಂಟ್ರೋಲರ್ ತಂದಿತು. ತುದಿಯಲ್ಲಿ ಬಣ್ಣದ ಗೋಲಿ ಹೊಳೆಯುತ್ತದೆ, ಟಿವಿ ಮೇಲಿನ ಕ್ಯಾಮೆರಾ ಅದನ್ನು ನೋಡುತ್ತದೆ. ಅಂದರೆ ವೀಯ ಉಲ್ಟಾ. ಅದೇ ವರ್ಷ ಮೈಕ್ರೋಸಾಫ್ಟಿನ ಕಿನೆಕ್ಟ್ ಬಂತು. ಅದರಲ್ಲಿ ಕೈಯಲ್ಲಿ ಹಿಡಿಯಲು ಏನೂ ಇಲ್ಲ.

ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಜೊತೆ ಬರುತ್ತಿದ್ದ ಗನ್ ಈಗ ಹೊಸ ಟಿವಿಯಲ್ಲಿ ಯಾಕೆ ನಡೆಯಲ್ಲ?

ಬಾತುಕೋಳಿ ಹೊಡೆಯುವ ಆಟ ತಾನೇ? ನಮ್ಮೂರಿನ ಅಂಗಡಿಗಳಲ್ಲೂ ಆ ನಕಲಿ ಸೆಟ್‌ಗಳು ಸಿಗುತ್ತಿದ್ದವು. ಆ ಗನ್ನಿನಿಂದ ಏನೂ ಹೊರಗೆ ಹೋಗುತ್ತಿರಲಿಲ್ಲ. ಅದೂ ನೋಡುವ ಕಣ್ಣೇ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತಿತ್ತು. ಗನ್ನಿಗೆ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ಸರಿ. ಆ ಹಳೆಯ ಡಬ್ಬಿ ಟಿವಿಯಲ್ಲಿ ಚಿತ್ರ ತಡವಿಲ್ಲದೆ ಮೂಡುತ್ತಿತ್ತು, ಲೆಕ್ಕ ಸರಿಹೋಗುತ್ತಿತ್ತು. ಎಲ್‌ಸಿಡಿ ಟಿವಿ ಚಿತ್ರವನ್ನು ಸ್ವಲ್ಪ ತಡೆದು ತೋರಿಸುತ್ತದೆ. ಗನ್ ನೋಡುವ ಹೊತ್ತಿಗೆ ಬಿಳಿ ಚೌಕ ಬಂದಿರುವುದಿಲ್ಲ. ಅಟ್ಟದಲ್ಲಿ ಹಳೆ ಟಿವಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಈಗ ಯಾವ ಕಂಟ್ರೋಲರಿನಲ್ಲಿ ಜೈರೋ ಇದೆ?

ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್, ನಿಂಟೆಂಡೊದ ಸ್ವಿಚ್ ಗೇಮ್ ಯಂತ್ರದ ಜಾಯ್‌ಕಾನ್ ಮತ್ತು ಪ್ರೋ ಕಂಟ್ರೋಲರ್, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್, ಎಲ್ಲದರಲ್ಲೂ ಇದೆ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಜೊತೆ ಬರುವ ಕಂಟ್ರೋಲರಿನಲ್ಲಿ ಇಲ್ಲ. ಈ ಒಂದು ಕೊರತೆಯಿಂದಾಗಿ ಎಷ್ಟೋ ಆಟಗಳನ್ನು ಮಾಡುವವರು ಜೈರೋ ಆಯ್ಕೆಯನ್ನೇ ಸೇರಿಸುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಕಂಟ್ರೋಲರಿನಲ್ಲಿ ಜೈರೋ ಇದೆ, ಆದರೆ ಕಂಪ್ಯೂಟರಿಗೆ ಹಾಕಿದರೆ ಕೆಲಸ ಮಾಡಲ್ಲ.

ಬಹುಶಃ ಎಕ್ಸ್‌ಇನ್‌ಪುಟ್ ಮೋಡ್‌ನಲ್ಲಿದೆ. ಅದು ಎಕ್ಸ್‌ಬಾಕ್ಸ್ ಕಂಟ್ರೋಲರಿಗಾಗಿ ಮಾಡಿದ ಭಾಷೆ. ಅದರಲ್ಲಿ ಜೈರೋಗೆ ಪದವೇ ಇಲ್ಲ. ಮೋಡ್ ಬದಲಿಸುವ ಗುಂಡಿ ಇದ್ದರೆ ಸ್ವಿಚ್ ಮೋಡ್‌ಗೆ ಹಾಕಿ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಸ್ಟೀಮ್ ಇನ್‌ಪುಟ್ ಆನ್ ಮಾಡಿ. ಆಟದಲ್ಲಿ ಜೈರೋ ಆಯ್ಕೆ ಇಲ್ಲದಿದ್ದರೂ, ಜೈರೋ ಅಲುಗಾಟವನ್ನು ಮೌಸ್ ಅಲುಗಾಟವಾಗಿ ಬದಲಿಸಿ ಕಳಿಸಲು ಸ್ಟೀಮ್‌ಗೆ ಬರುತ್ತದೆ.

ಜಾಯ್‌ಕಾನ್ ಡ್ರಿಫ್ಟ್ ಅಂದರೆ ಈ ಜೈರೋ ಜಾರುವುದೇನಾ?

ಅಲ್ಲ. ಜನ ಜಾಯ್‌ಕಾನ್ ಡ್ರಿಫ್ಟ್ ಅನ್ನುವುದು ಹೆಬ್ಬೆರಳಿನ ಸ್ಟಿಕ್ ಕೆಟ್ಟು, ಮುಟ್ಟದಿದ್ದರೂ ಪಾತ್ರ ನಡೆಯುವುದನ್ನು. ಜೈರೋ ಡ್ರಿಫ್ಟ್ ಬೇರೆ. ಗುರಿ ತಾನಾಗಿಯೇ ನಿಧಾನಕ್ಕೆ ಒಂದು ಕಡೆ ಜಾರುತ್ತಿದ್ದರೆ ಕಂಟ್ರೋಲರನ್ನು ಮೇಜಿನ ಮೇಲೆ ಇಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ಸೆನ್ಸರಿನ ಲೆಕ್ಕವನ್ನು ಹೊಸದಾಗಿ ಸರಿಹೊಂದಿಸಿ. ಸ್ವಿಚ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್ ಅನ್ನುವಲ್ಲಿ ಇದೆ. ಹಾಸಿಗೆ, ತೊಡೆ, ದಿಂಬು ಬೇಡ. ಗಟ್ಟಿ ಮೇಜೇ ಬೇಕು. ಬಿಸಿ ಏರಿದಾಗಲೂ ಜೈರೋ ಲೆಕ್ಕ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಹತ್ತು ನಿಮಿಷ ಆಡಿದ ಮೇಲೆ ಮಾಡುವುದು ಒಳ್ಳೆಯದು.

ಸ್ವಿಚ್‌ನಲ್ಲಿ ಪಾಯಿಂಟರ್ ಮತ್ತೆ ಮತ್ತೆ ನಡುಮಧ್ಯಕ್ಕೆ ತರಬೇಕಾಗುವುದು ದೋಷ ಅಲ್ಲ. ಅಲ್ಲಿ ಸೆನ್ಸರ್ ಬಾರ್ ಇಲ್ಲ, ಹೊರಗಿನ ಗುರುತು ಇಲ್ಲ. ಜೈರೋ ಒಂದೇ ನಂಬಿಕೆ.

ಜೈರೋದಿಂದ ಗುರಿ ಇಡಲು ಹೋದರೆ ತಲೆ ಸುತ್ತುತ್ತದೆ. ಇದನ್ನು ಕಲಿಯಲೇಬೇಕಾ?

ಕಲಿಯಲೇಬೇಕು ಅಂತಿಲ್ಲ. ಆದರೆ ದಯವಿಟ್ಟು ಒಂದು ವಾರ ಕೊಟ್ಟು ನೋಡಿ. ಈ ಎಲ್ಲ ಪ್ರಶ್ನೆಗಳಲ್ಲಿ ನನಗೆ ತುಂಬಾ ಹತ್ತಿರದ್ದು ಇದೇ.

ಬಹಳ ಜನ ಮೊದಲ ದಿನ ಮಾಡುವ ತಪ್ಪು ಒಂದೇ. ಜೈರೋ ಆನ್ ಮಾಡಿ, ಸ್ಟಿಕ್ ಬಿಟ್ಟು, ಕಂಟ್ರೋಲರನ್ನೇ ಬಸ್ಸಿನ ಸ್ಟಿಯರಿಂಗ್ ಹಾಗೆ ಎಲ್ಲ ಕಡೆ ತಿರುಗಿಸುತ್ತಾರೆ. ಜೈರೋ ಅದಕ್ಕಲ್ಲ. ಹಿಂದೆ ತಿರುಗಲು, ದೊಡ್ಡ ದಿಕ್ಕು ಬದಲಿಸಲು ಸ್ಟಿಕ್ಕೇ ಇರಲಿ. ವೈರಿ ಪರದೆಯ ನಡುಭಾಗಕ್ಕೆ ಹತ್ತಿರ ಬಂದ ಮೇಲೆ ಉಳಿದ ಒಂದು ಅಂಗುಲ ಇರುತ್ತದಲ್ಲ, ಅದಕ್ಕೆ ಜೈರೋ. ಸ್ಟಿಕ್‌ನಲ್ಲಿ ಆ ಒಂದು ಅಂಗುಲವೇ ಕಷ್ಟ. ಹೆಬ್ಬೆರಳು ತಳ್ಳಿದರೆ ಗುರಿ ದಾಟಿ ಹೋಗುತ್ತದೆ, ಹಿಂದೆ ತಂದರೆ ಇನ್ನೊಂದು ಕಡೆ ದಾಟುತ್ತದೆ. ಮಣಿಕಟ್ಟಿಗೆ ಅದು ಸಲೀಸು. ಸೂಜಿಗೆ ದಾರ ಪೋಣಿಸುವ ಕೈ ಅದು.

ಶುರು ಮಾಡುವಾಗ ಗುರಿ ಇಡುವ ಗುಂಡಿ ಒತ್ತಿದಾಗ ಮಾತ್ರ ಜೈರೋ ಆನ್ ಆಗುವ ಹಾಗೆ ಇಟ್ಟುಕೊಳ್ಳಿ. ಝೆಲ್ಡಾದಲ್ಲಿ ಬಿಲ್ಲು ಎಳೆದಾಗ ಆಗುವುದು ಹೀಗೇ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆಮೇಲೆ ಯಾವಾಗಲೂ ಆನ್ ಇಡುವುದಕ್ಕೆ ಬನ್ನಿ. ಆಗ ಇನ್ನೊಂದು ಅಭ್ಯಾಸ ಬೇಕು. ಬಾವಿಯಿಂದ ನೀರು ಸೇದುವಾಗ ಹಗ್ಗ ಒಂದು ಸಲ ಎಳೆದು, ಕೈ ಬಿಟ್ಟು ಮೇಲೆ ಹೋಗಿ ಮತ್ತೆ ಹಿಡಿಯುತ್ತೇವಲ್ಲ? ಹಾಗೆ ಕಂಟ್ರೋಲರ್ ಒಂದು ಕಡೆ ತೀರಾ ತಿರುಗಿದಾಗ ಜೈರೋ ಆಫ್ ಮಾಡುವ ಗುಂಡಿ ಒತ್ತಿ, ಕೈಯನ್ನು ಆರಾಮದ ಜಾಗಕ್ಕೆ ತಂದು, ಬಿಡಬೇಕು. ಸ್ಟೀಮ್ ಡೆಕ್‌ನಲ್ಲಿ ಸ್ಟಿಕ್ ಮೇಲೆ ಹೆಬ್ಬೆರಳು ಇದ್ದಾಗ ಮಾತ್ರ ಜೈರೋ ನಡೆಯುವ ಹಾಗೂ ಇಡಬಹುದು. ನನಗೆ ಅದೇ ಇಷ್ಟ.

ಸೆನ್ಸಿಟಿವಿಟಿ ತೀರಾ ಕಡಿಮೆ ಇಟ್ಟರೆ ಕೈ ಸೋಲುತ್ತದೆ. ಕಂಟ್ರೋಲರ್ 10 ಡಿಗ್ರಿ ತಿರುಗಿದರೆ ಆಟದಲ್ಲಿ 30 ಡಿಗ್ರಿ ತಿರುಗುವಷ್ಟರಿಂದ ಶುರುಮಾಡಿ, ನಡುಕ ಜಾಸ್ತಿ ಅನ್ನಿಸಿದರೆ ಇಳಿಸಿ. ಮೊಣಕೈಯನ್ನು ತೊಡೆಯ ಮೇಲೋ ಕುರ್ಚಿಯ ಕೈ ಮೇಲೋ ಇಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಕೈ ಅಲುಗಿದ್ದು ತಡವಾಗಿ ಕಂಡರೆ ಯಾರಿಗಾದರೂ ತಲೆ ಸುತ್ತುತ್ತದೆ.

ಫ್ಲಿಕ್ ಸ್ಟಿಕ್ ಅನ್ನುವ ವಿಧಾನವೂ ಇದೆ. ಬಲ ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಪಾತ್ರ ಥಟ್ಟನೆ ತಿರುಗುತ್ತದೆ, ಉಳಿದದ್ದು ಪೂರ್ತಿ ಜೈರೋ. ಫೋರ್ಟ್‌ನೈಟ್ ಆಟಕ್ಕೆ ಇದು 2022ರಲ್ಲಿ ಬಂತು. ಜೈರೋ ಚೆನ್ನಾಗಿ ಕೂತ ಮೇಲೆ ನೋಡಿ, ಮೊದಲಲ್ಲ.

ಫೋನಿನ ಗುಂಡು ಹಾರಿಸುವ ಆಟ ಬಿಜಿಎಂಐ ಆಡುವವರು ಫೋನನ್ನು ಅಲುಗಾಡಿಸುತ್ತಾರಲ್ಲ, ಅದೂ ಇದೇನಾ?

ಅದೇ. ಜೈರೋ ಬಗ್ಗೆ ಕೇಳುವ ನಮ್ಮ ಹುಡುಗರು ಸಾಮಾನ್ಯವಾಗಿ ಫೋನಿನಿಂದಲೇ ಬಂದವರು. ಗುಂಡು ಹಾರುವಾಗ ಬಂದೂಕು ಮೇಲಕ್ಕೆ ಎಗರುತ್ತದೆ. ಹೆಬ್ಬೆರಳಿನಿಂದ ಕೆಳಗೆ ಎಳೆಯುವ ಬದಲು ಫೋನನ್ನೇ ಸ್ವಲ್ಪ ವಾಲಿಸಿ ಅದನ್ನು ತಡೆಯುತ್ತಾರೆ. ಹೆಬ್ಬೆರಳು ಬೇರೆ ಕೆಲಸಕ್ಕೆ ಸಿಗುತ್ತದೆ. ಸೆಟ್ಟಿಂಗಿನಲ್ಲಿ ಸ್ಕೋಪ್ (ಬಂದೂಕಿನ ಗುರಿ ದುರ್ಬೀನು) ಹಾಕಿದಾಗ ಮಾತ್ರ, ಅಥವಾ ಯಾವಾಗಲೂ ಅಂತ ಆಯ್ಕೆ ಇದೆ. ಪ್ರತಿ ಸ್ಕೋಪಿಗೂ ಬೇರೆ ಸೆನ್ಸಿಟಿವಿಟಿ ಇದೆ. ಬೇರೆಯವರ ಅಂಕಿಗಳನ್ನು ನಕಲು ಮಾಡುವುದಕ್ಕಿಂತ ಟ್ರೈನಿಂಗ್ ಮೈದಾನದಲ್ಲಿ ನಿಮ್ಮದನ್ನೇ ಹುಡುಕಿಕೊಳ್ಳಿ.

ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ನಿಜವಾದ ಜೈರೋ ಇರುವುದಿಲ್ಲ. ಬೇರೆ ಸೆನ್ಸರ್‌ಗಳಿಂದ ಲೆಕ್ಕ ಹಾಕಿ ತೋರಿಸುವ "ವರ್ಚುವಲ್" ಜೈರೋ ಇರುತ್ತದೆ. ಅದು ತಡವರಿಸುತ್ತದೆ. ಕೊಳ್ಳುವ ಮೊದಲು ಸೆನ್ಸರ್‌ಗಳ ಪಟ್ಟಿ ಓದಿ.

ಕೈ ನೋವು ಬರುತ್ತದಾ?

ಬರಬಹುದು. ವೀ ಟೆನಿಸ್ ಗಂಟೆಗಟ್ಟಲೆ ಆಡಿ ಭುಜ ಹಿಡಿದುಕೊಂಡ ಯುವ ವೈದ್ಯನ ಬಗ್ಗೆ 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲೇ ಒಂದು ಪತ್ರ ಬಂದಿತ್ತು. ಚೆಂಡಿಲ್ಲ, ರಾಕೆಟ್ಟಿನ ಭಾರ ಇಲ್ಲ, ಆದ್ದರಿಂದ ಸುಸ್ತು ತಡವಾಗಿ ಗೊತ್ತಾಗುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ.

ಮಣಿಕಟ್ಟಿನ ಪಟ್ಟಿ ಹಾಕಿಕೊಳ್ಳದೆ ಬೀಸಬೇಡಿ. ಮೊದಲ ವೀ ಪಟ್ಟಿಗಳ ದಾರ ತೆಳುವಾಗಿತ್ತು. ಹರಿದು ರಿಮೋಟ್ ಹಾರಿಹೋಗುತ್ತಿತ್ತು. 2006ರ ಡಿಸೆಂಬರಿನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ದಪ್ಪ ದಾರದವಕ್ಕೆ ಬದಲಿಸಿಕೊಡಲು ಮುಂದಾಯಿತು. ಸೆಕೆಂಡ್‌ಹ್ಯಾಂಡ್ ವೀ ತಂದಿದ್ದರೆ ಆ ದಾರವನ್ನು ಒಮ್ಮೆ ಎಳೆದು ನೋಡಿ.

ಕೈ ನಡುಗುವವರು, ಒಂದೇ ಕೈಯಲ್ಲಿ ಆಡುವವರು ಏನು ಮಾಡಬೇಕು?

ನಡುಕ ಇರುವವರಿಗೆ ಕಡ್ಡಾಯ ಮೋಷನ್ ಕಂಟ್ರೋಲ್ ದೊಡ್ಡ ಅಡ್ಡಗೋಡೆ. ಅಲುಗಾಡಿಸಿ ಮಾಡುವ ಪ್ರತಿ ಕೆಲಸಕ್ಕೂ ಒಂದು ಗುಂಡಿ ಇರಲೇಬೇಕು. ಆಟ ಮಾಡುವವರು ಇದನ್ನು ಮರೆಯಬಾರದು. ಇನ್ನೊಂದು ಕಡೆ, ಹೆಬ್ಬೆರಳು ಸರಿಯಾಗಿ ಆಡದ ಕೆಲವರಿಗೆ ಜೈರೋದಿಂದಲೇ ಆಟ ಸಾಧ್ಯವಾಗಿದೆ. ಹಾಗಾಗಿ ಕೊಳ್ಳುವ ಮೊದಲು ಆ ಆಟದಲ್ಲಿ ಎರಡೂ ದಾರಿ ಇದೆಯಾ ವಿಚಾರಿಸಿ.

ಮನೆಯ ಹಿರಿಯರಿಗೆ ಆಡಿಸಬೇಕು. ಯಾವುದರಿಂದ ಶುರುಮಾಡಲಿ?

ವೀ ಸ್ಪೋರ್ಟ್ಸ್ ಬೌಲಿಂಗ್. ನಮ್ಮ ಅಮ್ಮ ಕಂಟ್ರೋಲರಿನ ಗುಂಡಿಗಳನ್ನು ನೋಡಿ "ಇದೆಲ್ಲ ನನಗೆ ಬೇಡಪ್ಪ" ಅಂತ ಎಷ್ಟೋ ವರ್ಷ ದೂರ ಕೂತಿದ್ದರು. ಚೆಂಡು ಉರುಳಿಸಿ ತೋರಿಸಿದಾಗ ಎದ್ದು ಬಂದರು. ಕಷ್ಟ ಇರುವುದು ಒಂದೇ ಕಡೆ. ರಿಮೋಟಿನ ಹಿಂದಿನ ಬಿ ಗುಂಡಿಯನ್ನು ಒತ್ತಿ ಹಿಡಿದು ಬೀಸಬೇಕು, ಚೆಂಡು ಬಿಡುವಾಗ ಅದನ್ನೂ ಬಿಡಬೇಕು. ಅಮ್ಮನಿಗೆ ಇದು ಮೂರು ಸಲ ತಪ್ಪಿತು. "ಚೆಂಡು ಬಿಡುವಾಗ ಬೆರಳೂ ಬಿಡಿ" ಅಂದಮೇಲೆ ತಪ್ಪಲಿಲ್ಲ. ಅದೂ ಆಗದಿದ್ದರೆ ಟೆನಿಸ್ ಹಾಕಿ. ಓಡುವುದನ್ನು ಆಟವೇ ನೋಡಿಕೊಳ್ಳುತ್ತದೆ, ಬೀಸಿದರೆ ಸಾಕು. ಕುರ್ಚಿಯಲ್ಲಿ ಕೂತೂ ಆಡಬಹುದು, ಕೈ ಇಲ್ಲದ ಕುರ್ಚಿ ಇರಲಿ. ಫ್ಯಾನು ತಗ್ಗಿನಲ್ಲಿದ್ದರೆ ಅದರ ಕೆಳಗೆ ಬೇಡ. ಪಟ್ಟಿಯನ್ನು ನೀವೇ ಹಾಕಿ, ಬಳೆ ಇದ್ದರೆ ಅದರ ಹಿಂದಕ್ಕೆ ಸರಿಸಿ ಬಿಗಿಮಾಡಿ.